ಹನ್ನೊಂದು ಬೋನು

ಹೊಳೆ ಕಡಲಿಗೆ ಸೇರುವಲ್ಲಿ ಒಂದು ಆಶ್ರಮ. ಆಶ್ರಮ ಅಂದರೆ ಎರಡು ಗುಡಿಸಲು, ಒಂದು ಹೊನ್ನೆ ಮರ, ಅಷ್ಟೇ. ಅಲ್ಲಿದ್ದ ಗುರುವನ್ನು ಎಲ್ಲರೂ ಅಜ್ಜಯ್ಯ ಅನ್ನುತ್ತಿದ್ದರು.

ಶಿಷ್ಯ ಜಟ್ಟಿ ಏಡಿ ಹಿಡಿಯುವ ಮನೆಯವನು. ಗಂಡ ತೀರಿಕೊಂಡ ಅಕ್ಕನಿಗಾಗಿ ಹೊಳೆಯಲ್ಲಿ ಬೋನು ಇಟ್ಟು, ಆಮೇಲೆ ಪಾಠಕ್ಕೆ ಬರುತ್ತಿದ್ದ. ಅವನು ಹೆಣೆದ ಬಿದಿರಿನ ಬೋನಿನಿಂದ ಒಂದು ಏಡಿಯೂ ತಪ್ಪಿಸಿಕೊಂಡದ್ದಿಲ್ಲ. ಅದರ ಜಂಬ ಅವನಿಗೆ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಬೆಳಿಗ್ಗೆ ಸತ್ತ ಆಮೆಯನ್ನು ಎತ್ತಿಕೊಂಡು ಬಂದ. ಅದು ಸಿಕ್ಕಿಬಿದ್ದಿದ್ದ ಬೋನೂ ಹೆಗಲ ಮೇಲಿತ್ತು, ಏಡಿ ಬುಟ್ಟಿ ಸೊಂಟದಲ್ಲಿತ್ತು. ಆಮೆಯ ಬೆನ್ನಿಗೆ ಆಗಲೇ ಅರಿಶಿನ ಕುಂಕುಮ ಹಚ್ಚಿದ್ದ. ಅವನ ಕೇರಿಯ ಪದ್ಧತಿ ಅದು.

"ದೇವರ ಅವತಾರ, ಅಜ್ಜಯ್ಯ. ನನ್ನ ಬೋನಿನಲ್ಲಿ ಹೋಯ್ತು. ದೋಷ ಕಳೆಯೋ ಮಂತ್ರ ಹೇಳಿ."

"ಎಷ್ಟನೆಯದು?"

ಜಟ್ಟಿ ತಲೆ ತಗ್ಗಿಸಿದ. "ಈ ವರ್ಷ ಮೂರನೆಯದು. ಮೊದಲೆರಡಕ್ಕೂ ಪೂಜೆ ಮಾಡಿಯೇ ಹೂತೆ. ಅವುಗಳ ಆಯಸ್ಸು ಅಷ್ಟೇ ಇತ್ತೋ ಏನೋ."

"ಉಸಿರು ಬೇಕಾದಾಗ ಆಮೆ ಏನು ಮಾಡ್ತದೆ?"

"ಮೇಲೆ ಬರ್ತದೆ."

"ಇದು ಮೇಲೆ ಬಂದಾಗ ಅಲ್ಲಿ ಏನಿತ್ತು?"

ಜಟ್ಟಿ ಬೋನನ್ನು ನೋಡಿದ. "ನಾನು ಹೆಣೆದ ಮುಚ್ಚಳ" ಅಂದ. ಅವನಿಗೆ ಅಳು ಬಂತು.

ಅಜ್ಜಯ್ಯ ಸಮಾಧಾನ ಹೇಳಲಿಲ್ಲ. ಒಂದು ಬಿದಿರ ಸೀಳನ್ನು ಬೋನಿನ ಬಾಯಿಗೆ ಅಡ್ಡ ಇಟ್ಟು ಹಗ್ಗ ಸುತ್ತತೊಡಗಿದ. ಗಂಟು ಎರಡು ಸಲ ಜಾರಿತು.

"ನಿಮಗೆ ಗಂಟು ಹಾಕಲಿಕ್ಕೆ ಬರೋದಿಲ್ಲ, ಅಜ್ಜಯ್ಯ."

"ಬರೋದಿಲ್ಲ. ಮಂತ್ರ ಬರ್ತದೆ. ಈಗ ಯಾವುದು ಬೇಕು?"

ಜಟ್ಟಿ ಕಣ್ಣೊರೆಸಿಕೊಂಡು ಹಗ್ಗ ಕೈಗೆ ತೆಗೆದುಕೊಂಡು ಸೀಳನ್ನು ಬಿಗಿದು ಕಟ್ಟಿದ. ಬೋನಿನ ಬಾಯಿ ಈಗ ಅಗಲಕ್ಕೆ ಮೊದಲಿನಷ್ಟೇ ಇತ್ತು, ಎತ್ತರಕ್ಕೆ ನಾಲ್ಕು ಬೆರಳು ಮಾತ್ರ.

"ಇಷ್ಟು ತಗ್ಗಾದರೆ ಏಡಿ ಹೇಗೆ ಒಳಗೆ ಬರ್ತದೆ? ಅಕ್ಕನ ಮನೆ ಒಲೆ ಉರಿಯೋದು ಇದರಿಂದಲೇ."

ಅಜ್ಜಯ್ಯ ಜಟ್ಟಿಯ ಬುಟ್ಟಿಯಿಂದ ದೊಡ್ಡದೊಂದು ಏಡಿ ತೆಗೆದು ಬೋನಿನ ಮುಂದೆ ಬಿಟ್ಟ. ಅದು ಮೈ ತಗ್ಗಿಸಿ, ಅಡ್ಡಡ್ಡ ನಡೆದು ಒಳಗೆ ಹೋಯಿತು. ಆಮೇಲೆ ಸತ್ತ ಆಮೆಯನ್ನು ಅದೇ ಬಾಯಿಗೆ ಹಿಡಿದ. ಉಬ್ಬಿದ ಬೆನ್ನು ಬಿದಿರಿಗೆ ತಾಗಿ ಹೊರಗೇ ನಿಂತಿತು.

ಜಟ್ಟಿಗೆ ಎದೆ ಹಗುರವಾಯಿತು. ಆಮೆಯನ್ನು ಹೊನ್ನೆ ಮರದ ಬುಡದಲ್ಲಿ ಮಲಗಿಸಿ, ಕಣ್ಣು ಮುಚ್ಚಿ ಕೈ ಮುಗಿದು ಕೂತ.

"ಇನ್ನು ಮಂತ್ರ ಹೇಳಿ, ಅಜ್ಜಯ್ಯ."

"ನೀರಲ್ಲಿ ಇನ್ನೂ ಎಷ್ಟು ಬೋನು ಇವೆ?"

"ಹನ್ನೊಂದು."

ಹೊಳೆಯ ಕಡೆ ನೀರು ಕಲಕಿದ ಸದ್ದಾಯಿತು. ಜಟ್ಟಿ ಕಣ್ಣು ಬಿಟ್ಟರೆ ಎದುರಿಗೆ ಗುರು ಇರಲಿಲ್ಲ. ಅಜ್ಜಯ್ಯ ಬಿದಿರ ಸೀಳುಗಳನ್ನು ಕಂಕುಳಲ್ಲಿ ಇರುಕಿಕೊಂಡು, ಪಂಚೆ ಎತ್ತಿ ಕಟ್ಟಿ, ಮೊಣಕಾಲು ನೀರಿನಲ್ಲಿ ದೋಣಿಯ ಹತ್ತಿರ ನಿಂತಿದ್ದ.

"ಅಜ್ಜಯ್ಯ, ಪೂಜೆ?"

"ಸತ್ತದ್ದು ಸಂಜೆವರೆಗೂ ಕಾಯ್ತದೆ, ಮಾರಾಯ. ದೋಣಿ ಬಿಡು."