ಮಳೆಗೆ ಒಂದೇ ಹೆಸರಿದ್ದಾಗ

ಲೋಕದ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲ ಅದು, ಮಗಾ. ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು. ಆದರೆ ಇದ್ದ ಪದಗಳು ಬಹಳ ಕಡಿಮೆ. ನಾಲ್ಕು ಹನಿ ಉದುರಿದರೂ ಮಳೆ, ಬಿಡದೆ ಸುರಿದರೂ ಮಳೆ.

ಆಗ ಹಾಲವ್ವ ಅಂತ ಒಬ್ಬಳಿದ್ದಳು. ಗಂಡನಿಲ್ಲ. ಇಬ್ಬರು ಹೆಣ್ಣುಮಕ್ಕಳು, ಒಂದು ತುಂಡು ಹೊಲ, ಮೂರು ಮೊರ ನವಣೆ ಬೀಜ.

"ಮಳೆ ಬಂತು" ಎಂದಿತು ಗಾಳಿ. ಹಾಲವ್ವ ಒಂದು ಮೊರ ಬಿತ್ತಿದಳು. ಬಂದದ್ದು ನಾಲ್ಕೇ ಹನಿ. ಮೊಳಕೆ ಬಿಸಿಲಿಗೆ ಸುಟ್ಟುಹೋಯಿತು.

"ಮಳೆ ಬಂತು" ಎಂದಿತು ಹೊಳೆ. ಇನ್ನೊಂದು ಮೊರ ಬಿತ್ತಿದಳು. ಈ ಸಲ ಬಿರುಮಳೆ. ಬೀಜವೆಲ್ಲ ಕೊಚ್ಚಿಹೋಯಿತು.

"ಉಳಿದದ್ದನ್ನ ಬೇಯಿಸಿಬಿಡವ್ವ, ಇವತ್ತಾದರೂ ಹೊಟ್ಟೆ ತುಂಬಲಿ" ಅಂದಳು ಹಿರಿಮಗಳು.

ಹಾಲವ್ವ ಮೊರವನ್ನು ಅಟ್ಟದ ಮೇಲಿಟ್ಟಳು. "ಗೆಣಸು ಅಗೆದು ತರ್ತೀನಿ. ಮಳೆಯ ಮಾತು ಕಲಿಯೋತನಕ ಈ ಬೀಜ ಮುಟ್ಟೋದಿಲ್ಲ."

ಗಾಳಿಯನ್ನು ಕೇಳಿದಳು. "ನಾನು ಮೋಡ ಹೊರೋನು ಅಷ್ಟೆ" ಅಂದಿತು ಗಾಳಿ. ಹೊಳೆಯನ್ನು ಕೇಳಿದಳು. "ನನ್ನ ಹತ್ತಿರ ಬರೋ ಹೊತ್ತಿಗೆ ಎಲ್ಲ ಮಳೆಯೂ ಬರೀ ನೀರು. ಮಣ್ಣೊಳಗೆ ಮಲಗಿರೋ ಕಪ್ಪೆಯನ್ನ ಕೇಳು."

ಆಗ ಕಪ್ಪೆಗೆ ಕೂಗು ಇರಲಿಲ್ಲ, ಪಿಸುಮಾತು ಮಾತ್ರ. ಹಾಲವ್ವ ಹೊಲದ ಬದುವಿನಲ್ಲಿ ಬಗ್ಗಿ, ಅದರ ಬಿಲಕ್ಕೆ ಬಾಯಿಟ್ಟು ಕೇಳಿದಳು. "ಕಪ್ಪೆಯಣ್ಣ, ಮಳೆಯ ಮಾತು ಕಲಿಸು."

"ಕಷ್ಟ, ತಂಗಿ. ಕಿವಿ ನೆಲಕ್ಕೊತ್ತಿ ದಿನಗಟ್ಟಲೆ ಕೂರಬೇಕು."

"ಕೂರ್ತೀನಿ."

ಎಲೆಗಳ ಮೇಲೆ ಸಣ್ಣ ಹನಿ ಬಿತ್ತು. "ಏನು ಕೇಳ್ತು?" ಅಂದಿತು ಕಪ್ಪೆ. "ಮಳೆ." "ಅಲ್ಲ, ಎಲೆ ಏನಂತಿದೆ ಕೇಳು." ಹಾಲವ್ವ ಕಣ್ಣು ಮುಚ್ಚಿದಳು. "ತುಂ... ತುರು. ತುಂತುರು."

"ಹೂಂ. ಅದು ಎಲೆಯನ್ನಷ್ಟೇ ತೋಯಿಸುತ್ತೆ. ಬಿತ್ತಬೇಡ."

ಮರುದಿನ ಬೆಳಗಿನಿಂದ ಸಣ್ಣಗೆ ಒಂದೇ ಸಮ ಹಿಡಿಯಿತು. ಕಪ್ಪೆ ಹೇಳಿಕೊಟ್ಟ ಹೆಸರನ್ನು ಹಾಲವ್ವ ತಪ್ಪಾಗಿ "ಸೊನ್ನೆ" ಅಂದಳು.

"ಸೊನ್ನೆ ಅಂದ್ರೆ ಏನೂ ಇಲ್ಲ ಅಂತ. ಈ ಮಳೆ ಎಳೆಯೋ ಹಾಗೆ ಎಳೆದು ಹೇಳು."

"ಸೋನೆ."

"ಹೂಂ. ಅದು ಮೇಲುಮಣ್ಣನ್ನಷ್ಟೇ ನೆನೆಸುತ್ತೆ. ಇನ್ನೂ ಬಿತ್ತಬೇಡ."

ಕಿವಿಗೆ ಕೆಸರು ಮೆತ್ತಿತು. ಮಕ್ಕಳು ಗೆಣಸು ತಂದುಕೊಟ್ಟರು. ಹಾಲವ್ವ ಏಳಲಿಲ್ಲ.

ಒಂದು ಮಧ್ಯಾಹ್ನ ಪಡುವಣದಲ್ಲಿ ಕರಿಮೋಡ ಕವಿಯಿತು. "ಅದು ಕಾರು, ಅಂದ್ರೆ ಮಳೆಗಾಲ" ಅಂದಿತು ಕಪ್ಪೆ. "ವರ್ಷದ ಮುಂದುಗಡೆ ಬರೋದು."

"ಮುನ್... ಕಾರು. ಮುಂಗಾರು" ಅಂದಳು ಹಾಲವ್ವ. ಆಮೇಲೆ ತಾನೇ ಯೋಚಿಸಿ, "ಹಿಂದಿನಿಂದ ಬರೋದು ಹಿಂಗಾರು" ಅಂದಳು.

ಕಪ್ಪೆಗೆ ಅಚ್ಚರಿಯಾಯಿತು. "ಅದನ್ನ ನಾನು ಕಲಿಸಿರಲಿಲ್ಲ."

ಮುಂಗಾರು ಸುರಿಯತೊಡಗಿತು. "ಬೀಜ ತರಲಾ?"

"ತಾಳು. ತೇವ ಎಷ್ಟು ಆಳಕ್ಕೆ ಇಳಿದಿದೆ ಅಂತ ಮೇಲಿನವರಿಗೆ ತಿಳಿಯಲ್ಲ. ಅದು ನನ್ನ ಬೆನ್ನು ಮುಟ್ಟಿದಾಗ ಮಣ್ಣು ಹದ."

"ಮುಟ್ಟಿದ ಕೂಡಲೇ ಕೂಗಿ ಹೇಳಣ್ಣ."

"ನನಗೆ ಕೂಗೋಕೆ ಬರಲ್ಲ."

"ನನಗೂ ಮಳೆಯ ಮಾತು ಬರ್ತಿರಲಿಲ್ಲ."

ಕಪ್ಪೆ ಕೂಗು ಕಲಿಯೋಕೆ ಹೊರಟಿತು. ಮೊದಲ ದಿನ ಗಂಟಲು ಉಬ್ಬಿಸಿತು, ಬರೀ ಉಸಿರು. ಎರಡನೆಯ ದಿನ ಇನ್ನೂ ಉಬ್ಬಿಸಿತು, ಕೀಚಲು ಸದ್ದು. ಮೂರನೆಯ ದಿನ ಗಂಟಲಿನ ಚರ್ಮ ಹಿಗ್ಗಿ ಚೀಲವೇ ಆಯಿತು. ಅಂದೇ ತೇವ ಬೆನ್ನು ಮುಟ್ಟಿತು. ಕಪ್ಪೆ ಮಣ್ಣು ಸೀಳಿ ಮೇಲೆ ಬಂದು ಕೂಗಿತು: "ವಟರ್, ವಟರ್."

ಹಾಲವ್ವ ಕೊನೆಯ ಮೊರ ಬಿತ್ತಿದಳು. ನವಣೆ ಎದೆಯುದ್ದ ಬೆಳೆಯಿತು. ಮಕ್ಕಳು ಹೊಟ್ಟೆತುಂಬ ಉಂಡರು.

ಅದಕ್ಕೇ ಮಗಾ, ತುಂತುರಿಗೆ ಬಿಲ ಬಿಡದ ಕಪ್ಪೆ, ನೆಲ ಆಳಕ್ಕೆ ನೆನೆದ ದಿನ ಮೇಲೆ ಬಂದು, ಗಂಟಲನ್ನು ಚೆಂಡಿನಂತೆ ಉಬ್ಬಿಸಿ, ಬಿತ್ತುವವರಿಗೆಲ್ಲ ಕೇಳುವಂತೆ ಇವತ್ತಿಗೂ ಕೂಗುತ್ತದೆ.