ಮೂರನೆಯ ಕೂಗು

ಕಕ್ಷಿದಾರರ ಹೆಸರನ್ನು ಬಾಗಿಲಲ್ಲಿ ಮೂರು ಸಲ ಕೂಗದೆ ಕೇಸು ವಜಾ ಮಾಡಬಾರದು. ನಮ್ಮೂರ ಕೋರ್ಟು ಕಟ್ಟಿದಂದಿನಿಂದ ಜವಾನರೆಲ್ಲ ಈ ನಿಯಮ ಮುರಿಯುತ್ತಲೇ ಬಂದಿದ್ದರು. ಒಂದು ಸಲ ಗೊಣಗಿ, ಮೂರಾಯಿತು ಎನ್ನುತ್ತಿದ್ದರು.

ಆ ಕೋರ್ಟು ನಿಂತದ್ದೇ ಕುಂಬಾರ ನೀಲವ್ವನಿಂದ ಕಸಿದುಕೊಂಡ, ಮಡಕೆ ಸುಡುವ ಆವಿಗೆಯ ಜಾಗದಲ್ಲಿ. ನ್ಯಾಯ ಕೇಳಿ ಅವಳು ಅದರ ಮೆಟ್ಟಿಲನ್ನೇ ಸವೆಸಿದ್ದಳು. ಇವತ್ತು ಕೇಸು ವಜಾ ಆದರೆ ಎಲ್ಲ ಮುಗಿದಂತೆ. ಅವಳೋ ಗಂಡನನ್ನು ಮಣ್ಣು ಮಾಡಲು ಹೋಗಿದ್ದಳು.

"ಬೇಗ ಕೂಗಿ ಮುಗಿಸಯ್ಯ, ಕಟ್ಟಡದ ಬೆಳ್ಳಿಹಬ್ಬಕ್ಕೆ ತಂದ ಹಾರ ಬಾಡುತ್ತಿದೆ," ಎಂದರು ಮುನ್ಸೀಫರು.

ಜವಾನ ಬಾಲೇಸಾಬ ಎರಡು ಸಲ ಕೂಗಿ ಸುಮ್ಮನಾದ.

"ಮೂರನೇದು?"

"ಕೂಗ್ತೀನ್ರಿ ಸಾಹೇಬ್ರ. ಮೂರು ಸಲ ಅಂತ ಕಾಯ್ದೆ ಐತಿ. ಎಷ್ಟು ಹೊತ್ತಿನ್ಯಾಗ ಅಂತ ಇಲ್ಲಲ್ರಿ?"

ಸಾಹೇಬರ ಮುಖ ಕೆಂಪಾಯಿತು. "ನೌಕರಿ ಬೇಡವೇನೋ?"

ಬಾಲೇಸಾಬ ಸರ್ಕಾರಿ ಪೇಟ ತೆಗೆದು ಪಕ್ಕಕ್ಕಿಟ್ಟ. ಮಸಣದ ದಾರಿ ನೋಡುತ್ತ, ಬಾಯಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತ.