ಕುದುರೆಯ ಓಟ ನಿಲ್ಲಿಸಿದ ಬೆಳ್ಯಪ್ಪ

ಕೊಡಗಿನ ಒಂದೂರಲ್ಲಿ ಚೀಯವ್ವ ಅಂತ ಒಬ್ಬಳು ತಾಯಿ, ಬೆಳ್ಯಪ್ಪ ಅಂತ ಅವಳಿಗೊಬ್ಬನೇ ಮಗ. ಬೆಳ್ಯಪ್ಪ ಹೇಳಿದ ಮಾತು ಮೀರಿದವನಲ್ಲ. ಅದೇ ತೊಂದರೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿಬಿಡುತ್ತಿದ್ದ. "ನಾನು ಹೋದ ಮೇಲೆ ಇವನಿಗೆ ಹೇಳೋರು ಯಾರಪ್ಪ" ಅಂತ ಅವಳು ಒಲೆ ಮುಂದೆ ಕೂತು ಕೊರಗುತ್ತಿದ್ದಳು.

ಆ ಊರಲ್ಲಿ ವರ್ಷಕ್ಕೊಂದು ಸಲ ಗುರಿ ಹೊಡೆಯುವ ಪಂದ್ಯ. ಮನೆಗೊಬ್ಬರು ನಿಲ್ಲಬೇಕು. ಗಂಡ ತೀರಿಹೋದ ಮೇಲೆ ಚೀಯವ್ವನೇ ಕೋವಿ ಹಿಡಿದು ನಿಲ್ಲುತ್ತಿದ್ದಳು. ಈ ಸಲ ಬೆರಳಿನ ಗೆಣ್ಣೆಲ್ಲ ಊದಿ ಸೌಟು ಹಿಡಿಯೋಕೂ ಆಗದು. ಮನೆ ಹೆಸರು ಕೂಗಿದಾಗ ಯಾರೂ ಏಳದಿದ್ದರೆ ಹೇಗೆ? ಮಗನನ್ನೇ ನಿಲ್ಲಿಸುವುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡಳು. ಆದರೆ ಕೋವಿಯಲ್ಲೊಂದು ಐಬು.

"ಗುಂಡು ಹಾರಿದ ಮೇಲೂ ಕುದುರೆ ಹಿಂದಕ್ಕೆ ಓಡ್ತದೆ ಮಗ. ಅದರಿಂದಲೇ ಗುರಿ ಕದಲೋದು. ಆ ಕುದುರೆಯ ಓಟ ನಿಲ್ಲಿಸು."

"ಆಯ್ತವ್ವ."

ಹೋದ. ಎಸ್ಟೇಟಿನ ಕುದುರೆ ಗದ್ದೆ ಬದಿಯಲ್ಲಿ ಮೇಯುತ್ತಿತ್ತು. ನಾಲ್ಕೂ ಕಾಲು ಸೇರಿಸಿ ಕಟ್ಟಿ ಬಂದ. ಎಸ್ಟೇಟಿನವರು ಅಂಗಳಕ್ಕೆ ಬಂದು ಬೈದು ಹೋದರು.

"ಆ ಕುದುರೆ ಅಲ್ಲವೋ. ಕೋವಿಯ ಕುದುರೆ. ಬೆರಳಿಟ್ಟು ಎಳೀತೀವಲ್ಲ, ಅದು. ಅದರ ಹಿಂದೆ ಒಂದು ಸಣ್ಣ ತಿರುಪು ಉಂಟು. ಅದನ್ನು ಬಿಗಿ ಮಾಡಬೇಕು."

"ಅಷ್ಟೇನಾ ಅವ್ವ?"

ಖಾಲಿ ಕೋವಿಯನ್ನು ತೊಡೆ ಮೇಲಿಟ್ಟುಕೊಂಡು, ಹಲ್ಲು ಕಚ್ಚಿ, ಬೆವರಿಳಿಯುವ ತನಕ ಬಿಗಿ ಮಾಡಿದ. ಕುದುರೆ ಕಲ್ಲಾಗಿ ಕೂತಿತು. ಎಳೆದರೆ ಬರದು, ತಳ್ಳಿದರೆ ಹೋಗದು.

"ಹೀಗಾದರೆ ಗುಂಡೇ ಹಾರದಲ್ಲೋ. ಬಿಗಿ ಮಾಡಿದ ಮೇಲೆ ಒಂದಿಷ್ಟು ಸಡಿಲ ಬಿಡಬೇಕು, ನೆನಪಿಟ್ಟುಕೋ."

ಚೀಯವ್ವ ಪಕ್ಕದಲ್ಲೇ ಕೂತು ಹೇಳಿಕೊಟ್ಟಳು. ಅವನು ಕೂದಲೆಳೆಯಷ್ಟು ಸಡಿಲ ಬಿಟ್ಟ. ಎಳೆದರೆ ಕುದುರೆ ಟಕ್ ಅಂದು ಅಲ್ಲೇ ನಿಂತಿತು. ಅವಳ ಮುಖ ಅರಳಿತು.

ಬೆಳ್ಯಪ್ಪ ನೆನಪಿಟ್ಟುಕೊಂಡ. ಸಂಜೆ ಹಸು ಕಟ್ಟಿದ, ಬಿಗಿ ಮಾಡಿದ, ಆಮೇಲೆ ಒಂದಿಷ್ಟು ಸಡಿಲ ಬಿಟ್ಟ. ಬೆಳಗಾಗುವಷ್ಟರಲ್ಲಿ ಹಸು ಪಕ್ಕದ ಮನೆಯ ಸೌತೆ ಬಳ್ಳಿಯನ್ನೆಲ್ಲ ಮುಗಿಸಿತ್ತು.

"ತಿರುಪು ಬೇರೆ, ಹಸು ಬೇರೆ ಕಣೋ. ಹೋಗಲಿ. ಇವತ್ತು ಪಂದ್ಯದಲ್ಲಿ ಒಂದು ಮಾತು ಮರೀಬೇಡ. ಗುರಿಯ ಮೇಲಿಂದ ಕಣ್ಣು ತೆಗೀಬೇಡ. ಗುಂಡು ಹಾರಿದ ಮೇಲೂ ತೆಗೀಬೇಡ."

"ಆಯ್ತವ್ವ."

ಮನೆ ಹೆಸರು ಕೂಗಿದರು. ಬೆಳ್ಯಪ್ಪ ಎದ್ದ. ಜನ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಚೀಯವ್ವ ಊದಿದ ಬೆರಳುಗಳನ್ನು ಮಡಿಲಲ್ಲಿ ಮುಚ್ಚಿಕೊಂಡು ಕೂತಿದ್ದಳು. ಅವನು ನೋಡಿದ, ನೋಡಿದ, ಎಳೆದ. ಗುರಿ ಒಂದಿಷ್ಟೂ ಕದಲಲಿಲ್ಲ. ಗುರಿಗೆಂದು ಕಟ್ಟಿದ್ದ ರಟ್ಟಿನ ಕಪ್ಪು ಚುಕ್ಕೆಯ ನಟ್ಟನಡುವೆ ತೂತು. ನಗುವವರ ಕೈ ಬಾಯಿ ಮೇಲೇ ಉಳಿಯಿತು.

ಕೋವಿಯನ್ನು ಯಾರೋ ಇಸಕೊಂಡರು. ತೀರ್ಪು ಹೇಳುವ ಹಿರಿಯರು ರಟ್ಟು ಬಿಚ್ಚಿಕೊಂಡು ಹೊರಟರು. ಬೆಳ್ಯಪ್ಪನೂ ಹೊರಟ. ಅವರು ಮೇಜಿಗೆ ಹೋದರೆ ಮೇಜಿಗೆ, ಕಾಫಿಗೆ ಹೋದರೆ ಕಾಫಿಗೆ, ಜೀಪು ಹತ್ತಿದರೆ ಜೀಪಿಗೆ.

"ಏನಪ್ಪ ನಿಂದು?"

"ಕಣ್ಣು ತೆಗೀಬಾರದಂತೆ. ಅವ್ವ ಹೇಳಿದ್ದಾಳೆ."

ಹಿರಿಯರು ನಕ್ಕು, ಬಹುಮಾನದ ಜೊತೆ ರಟ್ಟನ್ನೂ ಅವನ ಕೈಗೇ ಕೊಟ್ಟು ಕಳಿಸಿದರು.

ತಾಯಿ ಮಗ ಗದ್ದೆ ಬದುವಿನ ಮೇಲೆ ಮನೆಗೆ ಹೊರಟರು. ಮುಂದೆ ಬೆಳ್ಯಪ್ಪ, ಮುಖದೆದುರಿಗೆ ರಟ್ಟು. ಹಿಂದೆ ಅವನ ಅಂಗಿ ಹಿಡಿದುಕೊಂಡು ಚೀಯವ್ವ. ಆದರೂ ಜಾರಿ ಮೊಣಕಾಲುದ್ದ ಕೆಸರಿಗೆ ಇಳಿದ.

"ರಟ್ಟು ನನಗೆ ಕೊಡು ಮಗ. ಇನ್ನು ಗುರಿ ಸಾಕು. ದಾರಿ ಮೇಲೆ ಕಣ್ಣಿಡು."

"ಆಯ್ತವ್ವ."

ಬೆಳ್ಯಪ್ಪ ಕೆಸರಿನಿಂದ ಎದ್ದು ಬಂದು ಬದುವಿನ ಮೇಲೆ ಮಂಡಿಯೂರಿದ. ಬಗ್ಗಿದ. ಎರಡೂ ಕಣ್ಣನ್ನು ಒದ್ದೆ ಮಣ್ಣಿಗೆ ಒತ್ತಿ ಇಟ್ಟ. ಇಟ್ಟು ಹಾಗೇ ಕಾದ.

ಚೀಯವ್ವ ಬೈಯಲು ಹೊರಟವಳು ಅಲ್ಲೇ ಕೂತು, ಅವನ ತಲೆಯನ್ನು ಮಡಿಲಿಗೆಳೆದುಕೊಂಡು, ತನ್ನ ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ರೆಪ್ಪೆಯ ಕೆಸರನ್ನು ಮೆಲ್ಲಗೆ ಒರೆಸಿದಳು.

"ಸರಿಯಾಗಿ ಇಟ್ಟೆನಾ ಅವ್ವ?"

"ಸರಿಯಾಗೇ ಇಟ್ಟೆ ಮಗ."